ಮರಳಿ ಬಾರದ ಉತ್ತರ: ಗಣಕ ಶಿಕ್ಷಣದಲ್ಲಿ ಒಂದು ವಿಚಾರ

ಗಣಕಯಂತ್ರದ ಶಿಕ್ಷಣವು ಇಂದು ಪ್ರೌಢಶಾಲೆಯ ಹೊಸ್ತಿಲನ್ನು ದಾಟಿ ಒಳಬಂದಿದೆ. ಜಾವಾ, ಸಿ, ಪೈಥಾನ್ ಮೊದಲಾದ ಭಾಷೆಗಳ ಹೆಸರುಗಳು ಹದಿಹರೆಯದ ವಿದ್ಯಾರ್ಥಿಗಳ ಬಾಯಲ್ಲಿ ಸಲೀಸಾಗಿ ಆಡುತ್ತಿವೆ. ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ವಿದ್ಯೆ ಬಂದಿತೆಂಬುದರ ಗುರುತು ಯಂತ್ರವು ತಕರಾರನ್ನು ನಿಲ್ಲಿಸಿ ತೆಪ್ಪಗಾದುದರಲ್ಲಿಲ್ಲ; ತಾನು ಬರೆದುದೇನು, ಬರೆಯದೆ ಬಿಟ್ಟುದೇನು ಎಂಬುದನ್ನು ವಿದ್ಯಾರ್ಥಿಯು ಅರಿತುದರಲ್ಲಿದೆ. ಈ ಎರಡರ ನಡುವಣ ಅಂತರವನ್ನು ಬಹು ಚಿಕ್ಕ ಉದಾಹರಣೆಯಿಂದಲೇ ತೋರಿಸಿಕೊಡುವ ದೋಷಸಂದೇಶವೊಂದು ಪ್ರತಿಯೊಂದು ಗಣಕ ಪ್ರಯೋಗಾಲಯದಲ್ಲಿಯೂ ದಿನನಿತ್ಯ ಕಾಣಿಸಿಕೊಳ್ಳುತ್ತದೆ. ಜಾವಾ ಭಾಷೆಯ ಕಂಪೈಲರ್ ಅದನ್ನು ‘ರಿಟರ್ನ್ ವಾಕ್ಯ ಕಾಣೆಯಾಗಿದೆ’ ಎಂಬರ್ಥದಲ್ಲಿ ಹೇಳುತ್ತದೆ. ಸಿ ಶಾರ್ಪ್ ಭಾಷೆಯ ಕಂಪೈಲರ್ ‘ಎಲ್ಲ ದಾರಿಗಳೂ ಬೆಲೆಯನ್ನು ಮರಳಿಸುತ್ತಿಲ್ಲ’ ಎಂದು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಈ ದೋಷವನ್ನು ಅಳಿಸಿಹಾಕಲು ಅರ್ಧ ನಿಮಿಷ ಸಾಕು. ಕೊನೆಯ ಆವರಣ ಚಿಹ್ನೆಯ ಮೇಲುಗಡೆ ‘ಸೊನ್ನೆಯನ್ನು ಮರಳಿಸು’ ಎಂದು ಒಂದು ಸಾಲನ್ನು ಸೇರಿಸಿದರೆ ಪರದೆ ಶುಭ್ರವಾಗುತ್ತದೆ, ವಿದ್ಯಾರ್ಥಿಯ ಮುಖ ಅರಳುತ್ತದೆ, ಅಧ್ಯಾಪಕರ ಸಹಿಯೂ ದೊರೆಯುತ್ತದೆ. ಈ ಪರಿಹಾರವು ಅನೇಕ ವೇಳೆ ಪರಿಹಾರವೇ ಅಲ್ಲ. ದೋಷವನ್ನು ಕಣ್ಣಿಗೆ ಕಾಣುವ ಸ್ಥಳದಿಂದ ಕಾಣದ ಸ್ಥಳಕ್ಕೆ ಸಾಗಿಸುವ ಕ್ರಿಯೆ ಮಾತ್ರ. ಅದನ್ನು ಒಪ್ಪಿ ಅಂಕ ನೀಡುವ ಬೋಧನಕ್ರಮವು ಬದಲಾಗಬೇಕಾದುದು ಅಗತ್ಯ.

ಮೊದಲು ಮರಳುವಿಕೆಯ ಕಲ್ಪನೆ ಎಲ್ಲಿಂದ ಬಂದಿತೆಂಬುದನ್ನು ಗಮನಿಸುವುದು ಉಚಿತ. 1949ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ‘ಎಡ್‌ಸ್ಯಾಕ್’ ಎಂಬ ಗಣಕಯಂತ್ರವು ಕೆಲಸ ಮಾಡಲಾರಂಭಿಸಿತು. ಪದೇ ಪದೇ ಬೇಕಾಗುವ ಲೆಕ್ಕಗಳನ್ನು ಪ್ರತಿಸಲವೂ ಹೊಸದಾಗಿ ಬರೆಯುವ ಬದಲು ಒಮ್ಮೆ ಬರೆದಿಟ್ಟು ಬೇಕಾದಾಗ ಕರೆಯಬೇಕೆಂಬ ಉದ್ದೇಶದಿಂದ ಅಲ್ಲಿ ಉಪವಿಧಿಗಳ ಸಂಗ್ರಹವೊಂದು ಬೆಳೆಯಿತು. ಉಪವಿಧಿಯನ್ನು ಕರೆಯುವುದು ಸುಲಭ. ಅದು ತನ್ನ ಕೆಲಸ ಮುಗಿಸಿ, ಯಾರು ಕರೆದರೋ ಅವರಲ್ಲಿಗೇ ಮರಳಬೇಕಲ್ಲ! ಡೇವಿಡ್ ವೀಲರ್ ಅವರು ಕರೆದ ಸ್ಥಳದ ಗುರುತನ್ನು ಉಪವಿಧಿಯ ವಶಕ್ಕೆ ಕೊಟ್ಟು ಅದು ಅಲ್ಲಿಗೇ ಮರಳುವಂತೆ ಮಾಡುವ ಉಪಾಯವನ್ನು ರೂಪಿಸಿದರು. ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಈ ವಿಷಯವನ್ನು ಕುರಿತು ಬರೆದ ಗ್ರಂಥವು 1951ರಲ್ಲಿ ಪ್ರಕಟವಾಯಿತು. ಇಂದಿನ ‘ಫಂಕ್ಷನ್’, ‘ಮೆಥಡ್’ ಎಂಬ ಹೆಸರುಗಳ ಹಿಂದೆ ಇರುವುದು ಇದೇ ಕಲ್ಪನೆ. ಕರೆದವನಿಗೆ ಎರಡು ವಸ್ತುಗಳು ಸಲ್ಲಬೇಕು: ಒಂದು, ಹೋದವನು ಹಿಂತಿರುಗುವುದು; ಇನ್ನೊಂದು, ಹಿಂತಿರುಗುವಾಗ ಕೇಳಿದ ಉತ್ತರವನ್ನು ತರುವುದು.

1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಪ್ರತಿಯೊಂದು ಮೆಥಡ್‌ನ ತಲೆಸಾಲಿನಲ್ಲಿಯೇ ಅದು ಯಾವ ಬಗೆಯ ಬೆಲೆಯನ್ನು ಮರಳಿಸುವುದೆಂದು ಬರೆಯಬೇಕಾಗುತ್ತದೆ. ಪೂರ್ಣಾಂಕವಾದರೆ ‘ಇಂಟ್’, ಅಕ್ಷರಮಾಲೆಯಾದರೆ ‘ಸ್ಟ್ರಿಂಗ್’, ಏನನ್ನೂ ಮರಳಿಸದಿದ್ದರೆ ‘ವಾಯ್ಡ್’. ತಲೆಸಾಲೆಂಬುದು ಕೊಟ್ಟ ಮಾತು. ಒಡಲು ಆ ಮಾತಿನ ನಿರ್ವಹಣೆ. ಮೆಥಡ್‌ನ ಆರಂಭದಿಂದ ಅಂತ್ಯದವರೆಗೆ ಹೋಗಬಹುದಾದ ದಾರಿಗಳಲ್ಲಿ ಒಂದೇ ಒಂದು ದಾರಿಯಾದರೂ ಬೆಲೆಯಿಲ್ಲದೆ ಕೊನೆಯನ್ನು ಮುಟ್ಟುವಂತಿದ್ದರೆ ಕಂಪೈಲರ್ ಆ ಕ್ರಮವಿಧಿಯನ್ನು ಸ್ವೀಕರಿಸುವುದಿಲ್ಲ. ಹತ್ತು ದಾರಿಗಳಲ್ಲಿ ಒಂಬತ್ತು ಸರಿಯಿವೆಯೆಂಬ ವಿನಾಯಿತಿ ಅಲ್ಲಿಲ್ಲ.

ಅಧ್ಯಾಪಕರಿಗೆ ಪರಿಚಿತವಾದ ವಿಷಯದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವಿದ್ಯಾರ್ಥಿಯ ಅಂಕವನ್ನು ಕೊಟ್ಟರೆ ಅವನ ದರ್ಜೆಯನ್ನು ಹೇಳುವ ಮೆಥಡ್ ಬೇಕಾಗಿದೆಯೆಂದು ಭಾವಿಸಿರಿ. ಅರವತ್ತು ಅಥವಾ ಮೇಲಾದರೆ ‘ಪ್ರಥಮ’, ಐವತ್ತು ಅಥವಾ ಮೇಲಾದರೆ ‘ದ್ವಿತೀಯ’, ಮೂವತ್ತೈದು ಅಥವಾ ಮೇಲಾದರೆ ‘ಉತ್ತೀರ್ಣ’ ಎಂದು ಕಲಿಯುವ ಹುಡುಗನು ಮೂರು ‘ಇಫ್’ ವಾಕ್ಯಗಳನ್ನು ಬರೆಯುತ್ತಾನೆ. ಮೂರರಲ್ಲಿಯೂ ರಿಟರ್ನ್ ಇದೆ. ತನ್ನ ಮಟ್ಟಿಗೆ ಕೆಲಸ ಮುಗಿದಿದೆ. ಕಂಪೈಲರ್ ಮಾತ್ರ ರಿಟರ್ನ್ ಕಾಣೆಯಾಗಿದೆಯೆನ್ನುತ್ತದೆ. ‘ಮೂರು ಸಲ ಬರೆದಿದ್ದೇನಲ್ಲ!’ ಎಂದು ಅವನು ಅಚ್ಚರಿಗೊಳ್ಳುತ್ತಾನೆ. ಮೂವತ್ತೈದಕ್ಕಿಂತ ಕಡಿಮೆ ಅಂಕ ಪಡೆದವನ ಗತಿಯೇನು ಎಂಬ ಪ್ರಶ್ನೆಗೆ ಅವನು ಉತ್ತರ ಬರೆದಿಲ್ಲ. ಗೆದ್ದವರೆಲ್ಲರೂ ಅವನ ನೆನಪಿಗೆ ಬಂದರು, ಬಿದ್ದವನು ಬರಲಿಲ್ಲ.

ಇಲ್ಲಿ ಅವಸರದ ಪರಿಹಾರವೇನು? ಕೊನೆಯಲ್ಲಿ ಬರಿದಾದ ಅಕ್ಷರಮಾಲೆಯನ್ನು ಮರಳಿಸುವುದು. ಕಂಪೈಲರ್ ಒಪ್ಪುತ್ತದೆ. ಫಲಿತಾಂಶ ಪಟ್ಟಿ ಮುದ್ರಣವಾಗುತ್ತದೆ. ಅನುತ್ತೀರ್ಣನ ಹೆಸರಿನ ಮುಂದೆ ಖಾಲಿ ಜಾಗವಿರುತ್ತದೆ. ಅವನು ಪರೀಕ್ಷೆಗೆ ಗೈರುಹಾಜರಾದನೋ, ಅಂಕ ಇನ್ನೂ ಬಂದಿಲ್ಲವೋ, ಅನುತ್ತೀರ್ಣನಾದನೋ ನೋಡಿದವರಿಗೆ ತಿಳಿಯದು. ಮರುಪರೀಕ್ಷೆಗೆ ಸಿದ್ಧಗೊಳಿಸಬೇಕಾದ ವಿದ್ಯಾರ್ಥಿಗಳ ಪಟ್ಟಿಯನ್ನು ‘ಅನುತ್ತೀರ್ಣ’ ಎಂಬ ಶಬ್ದದಿಂದ ಹುಡುಕಿ ತೆಗೆಯುವ ಇನ್ನೊಂದು ಕ್ರಮವಿಧಿಯಿದ್ದರಂತೂ ಯಾರ ನೆರವಿಗಾಗಿ ಅದು ಇದೆಯೋ ಅವರೊಬ್ಬರೂ ಅದರ ಕಣ್ಣಿಗೆ ಬೀಳುವುದಿಲ್ಲ. ಕಂಪೈಲರ್ ಮೊದಲೇ ಎಚ್ಚರಿಸಿತ್ತು. ಎಚ್ಚರಿಕೆಯ ಬಾಯಿಗೆ ಬಟ್ಟೆ ತುರುಕಲಾಯಿತು.

ಈ ದೋಷವು ಕಲಿಯುವವರನ್ನು ಇಷ್ಟೊಂದು ಗಲಿಬಿಲಿಗೊಳಿಸಲು ಇನ್ನೊಂದು ಕಾರಣವುಂಟು. ಜಾವಾ ಕಂಪೈಲರ್ ಬೆರಳು ಮಾಡಿ ತೋರಿಸುವುದು ಮೆಥಡ್‌ನ ಕೊನೆಯ ಆವರಣ ಚಿಹ್ನೆಯನ್ನು. ವಿದ್ಯಾರ್ಥಿಯ ದೃಷ್ಟಿ ಅಲ್ಲಿಗೇ ಹೋಗುತ್ತದೆ, ಪರಿಹಾರವನ್ನೂ ಅಲ್ಲಿಯೇ ಅಂಟಿಸುತ್ತಾನೆ. ವಾಸ್ತವದಲ್ಲಿ ಅದು ಬೆಲೆಯಿಲ್ಲದೆ ಬಂದವನು ಸಿಕ್ಕಿಬಿದ್ದ ಸ್ಥಳ. ಅವನು ದಾರಿ ತಪ್ಪಿದ ಸ್ಥಳವು ಮೇಲೆಲ್ಲೋ ಇರುತ್ತದೆ. ಸಂದೇಶವನ್ನು ಓದುವುದೆಂದರೆ ಆ ಆವರಣದಿಂದ ಹಿಮ್ಮುಖವಾಗಿ ನಡೆದು, ಯಾವ ‘ಇಫ್’ಗೆ ‘ಎಲ್ಸ್’ ಇಲ್ಲ, ಯಾವ ಆವರ್ತನೆಯು ಒಮ್ಮೆಯೂ ನಡೆಯದೆ ಮುಗಿಯಬಹುದು, ಯಾವ ದೋಷನಿರ್ವಹಣೆಯ ಭಾಗವು ಸುಮ್ಮನೆ ಕೆಳಗಿಳಿಯುತ್ತದೆ ಎಂದು ಕೇಳುತ್ತ ಹೋಗುವುದು.

ಕಂಪೈಲರ್ ಅತಿಯಾಗಿ ಹಟ ಹಿಡಿಯುತ್ತದೆಂಬ ಆಕ್ಷೇಪವೂ ಉಂಟು. ಅದರಲ್ಲಿ ಹುರುಳಿಲ್ಲದೆ ಇಲ್ಲ. ‘ಅಂಕವು ಮೂವತ್ತೈದು ಅಥವಾ ಮೇಲಾದರೆ’ ಎಂದು ಒಂದು ಇಫ್, ‘ಮೂವತ್ತೈದಕ್ಕಿಂತ ಕಡಿಮೆಯಾದರೆ’ ಎಂದು ಮತ್ತೊಂದು ಇಫ್ ಬರೆದು ಎರಡರಲ್ಲಿಯೂ ಬೆಲೆಯನ್ನು ಮರಳಿಸಿದರೂ ಜಾವಾ ಒಪ್ಪುವುದಿಲ್ಲ. ಮೂರನೆಯ ಸಾಧ್ಯತೆಯಿಲ್ಲವೆಂಬುದು ಮನುಷ್ಯನಿಗೆ ಗೊತ್ತು. ಕಂಪೈಲರ್ ಆ ನಿಬಂಧನೆಗಳ ಅರ್ಥವನ್ನು ಎಣಿಸುವುದಿಲ್ಲ. ಇದು ಅದರ ಸೋಮಾರಿತನವಲ್ಲ. ಯಾವುದೇ ಕ್ರಮವಿಧಿಯು ಮುಂದೆ ಹೇಗೆ ವರ್ತಿಸುವುದೆಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ನಿರ್ಣಯಿಸಬಲ್ಲ ಸಾಮಾನ್ಯ ವಿಧಾನವು ಸಾಧ್ಯವಿಲ್ಲವೆಂಬ ನಿಷ್ಕರ್ಷೆಗೆ 1936ರಲ್ಲಿಯೇ ಆಲನ್ ಟ್ಯೂರಿಂಗ್ ಅವರ ಸಂಶೋಧನೆ ತಳಹದಿ ಹಾಕಿತು. ಆದುದರಿಂದ ಭಾಷೆಯನ್ನು ರೂಪಿಸಿದವರು ಸರಳವೂ ಖಚಿತವೂ ಆದ ನಿಯಮವೊಂದನ್ನು ಆರಿಸಿಕೊಂಡರು. ಅನುಮಾನವಿರುವೆಡೆ ನಿರಾಕರಿಸುವುದು, ಸಮಜಾಯಿಷಿಯನ್ನು ಬರೆದವನಿಂದಲೇ ಕೇಳುವುದು ಆ ನಿಯಮದ ಸ್ವರೂಪ. ಅಪರೂಪಕ್ಕೊಮ್ಮೆ ನಿರಪರಾಧಿಯನ್ನು ತಡೆಯುವ ಕಾವಲುಗಾರನು ಅಪರಾಧಿಯನ್ನು ಒಳಬಿಡುವ ಕಾವಲುಗಾರನಿಗಿಂತ ಮೇಲು.

ಕಾವಲುಗಾರನಿಲ್ಲದ ಮನೆಯ ಪರಿಸ್ಥಿತಿ ಹೇಗಿರುವುದೆಂಬುದಕ್ಕೆ ಸಿ ಭಾಷೆಯು ಸಾಕ್ಷಿಯಾಗಿದೆ. ಡೆನಿಸ್ ರಿಚಿ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಆ ಭಾಷೆಯಲ್ಲಿ ಮೊದಮೊದಲು ‘ವಾಯ್ಡ್’ ಎಂಬುದೇ ಇರಲಿಲ್ಲ. ಏನನ್ನೂ ಮರಳಿಸದ ಫಂಕ್ಷನ್ ಕೂಡ ಪೂರ್ಣಾಂಕವನ್ನು ಮರಳಿಸುವಂತೆಯೇ ಘೋಷಿತವಾಗುತ್ತಿತ್ತು. ಹಳೆಯ ಕ್ರಮವಿಧಿಗಳು ಕೆಡಬಾರದೆಂದು ಮುಂದಿನ ಪ್ರಮಾಣಗ್ರಂಥಗಳೂ ಆ ಸಡಿಲಿಕೆಯನ್ನು ಉಳಿಸಿಕೊಂಡವು. ಇಂದಿಗೂ ಅನೇಕ ಸಿ ಕಂಪೈಲರ್‌ಗಳು ಕಾಣೆಯಾದ ರಿಟರ್ನ್ ಬಗ್ಗೆ ಹೆಚ್ಚೆಂದರೆ ಎಚ್ಚರಿಕೆ ನೀಡಿ ಮುಂದುವರಿಯುತ್ತವೆ. ಕರೆದವನು ಬಾರದ ಉತ್ತರವನ್ನು ಬಳಸಿಕೊಂಡರೆ ಏನಾಗುವುದೆಂಬುದಕ್ಕೆ ಭಾಷೆಯು ಯಾವ ಭರವಸೆಯನ್ನೂ ಕೊಡುವುದಿಲ್ಲ. ಅನೇಕ ವೇಳೆ ಯಂತ್ರದ ರಿಜಿಸ್ಟರಿನಲ್ಲಿ ಹಿಂದಿನ ಯಾವುದೋ ಲೆಕ್ಕದಿಂದ ಉಳಿದ ಸಂಖ್ಯೆಯೇ ಉತ್ತರವೆಂಬಂತೆ ದೊರೆಯುತ್ತದೆ. ಅದು ಆಕಸ್ಮಿಕವಾಗಿ ಸರಿಯಾದ ಸಂಖ್ಯೆಯೇ ಆಗಿರಲೂಬಹುದು! ಪರೀಕ್ಷಕರ ಎದುರಿಗೆ ಸರಿಯಾಗಿ ನಡೆದ ಕ್ರಮವಿಧಿಯು ಮರುದಿನ ಬೇರೊಂದು ಯಂತ್ರದಲ್ಲಿ ಕೈಕೊಡುವುದು ಹೀಗೆಯೇ. ಪೈಥಾನ್ ಭಾಷೆಯಲ್ಲಿ ರಿಟರ್ನ್ ಮರೆತರೆ ‘ನನ್’ ಎಂಬ ಶೂನ್ಯಸೂಚಕವು ಮೌನವಾಗಿ ಮರಳುತ್ತದೆ. ತಪ್ಪು ನಡೆದ ಸ್ಥಳ ಒಂದು, ಅದು ಹೊರಬೀಳುವ ಸ್ಥಳ ಇನ್ನೊಂದು. ನಡುವೆ ನೂರಾರು ಸಾಲುಗಳು.

ಇದನ್ನು ನೋಡಿದಾಗ, ಜಾವಾದಲ್ಲಿ ಹುಸಿಬೆಲೆಯನ್ನು ಬರೆದು ಕಂಪೈಲರನ್ನು ಸುಮ್ಮನಾಗಿಸುವ ವಿದ್ಯಾರ್ಥಿಯು ಕಟ್ಟುನಿಟ್ಟಾದ ಭಾಷೆಯೊಂದನ್ನು ತನ್ನ ಕೈಯಾರೆ ಸಡಿಲ ಭಾಷೆಯನ್ನಾಗಿ ಮಾಡುತ್ತಿರುವನೆಂಬುದು ಸ್ಪಷ್ಟವಾಗುತ್ತದೆ. ಸೊನ್ನೆಯೆಂಬುದು ‘ಉತ್ತರವಿಲ್ಲ’ ಎಂಬುದರ ಹೆಸರಲ್ಲ. ಅದೂ ಒಂದು ಉತ್ತರವೇ. ಸರಾಸರಿಯನ್ನು ಲೆಕ್ಕಹಾಕುವ ಮೆಥಡ್, ವಿದ್ಯಾರ್ಥಿಗಳೇ ಇಲ್ಲದ ತರಗತಿಗೆ ಸೊನ್ನೆಯನ್ನು ಮರಳಿಸಿದರೆ, ಎಲ್ಲರೂ ಸೊನ್ನೆ ಪಡೆದ ತರಗತಿಗೂ ಖಾಲಿ ತರಗತಿಗೂ ಭೇದವೇ ಉಳಿಯದು. ಹುಡುಕಾಟದಲ್ಲಿ ಸಿಗದಿದ್ದಾಗ ಋಣ ಒಂದನ್ನು ಮರಳಿಸುವ ಪದ್ಧತಿ ಹಳೆಯದು. ಜಾವಾದ ಅಕ್ಷರಮಾಲೆಯ ಹುಡುಕಾಟವೂ ಹಾಗೆಯೇ ಮಾಡುತ್ತದೆ. ಪೈಥಾನಿನ ‘ಫೈಂಡ್’ ಕೂಡ ಅದನ್ನೇ ಮರಳಿಸುತ್ತದೆ. ಆದರೆ ಅದೇ ಪೈಥಾನಿನಲ್ಲಿ ಋಣ ಒಂದು ಎಂಬ ಸ್ಥಾನಸಂಖ್ಯೆಗೆ ‘ಕೊಟ್ಟಕೊನೆಯದು’ ಎಂಬ ಅರ್ಥವುಂಟು. ಸಿಗಲಿಲ್ಲವೆಂಬ ಸೂಚನೆಯನ್ನು ಪರಿಶೀಲಿಸದೆ ಬಳಸಿದವನ ಕೈಗೆ ಕೊನೆಯ ಅಕ್ಷರವೇ ಸಿಕ್ಕಿತೆಂದು ಬಂದು ಕೂರುತ್ತದೆ. ಇನ್ನು ‘ನಲ್’ ಎಂಬ ಶೂನ್ಯನಿರ್ದೇಶವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ಕಲ್ಪಿಸಿದ ಸರ್ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅಂಥ ವಿದ್ವಾಂಸರು ಪಶ್ಚಾತ್ತಾಪಪಟ್ಟ ವಸ್ತುವನ್ನು ಕಲಿಯುವ ಮಕ್ಕಳು ದೋಷನಿವಾರಣೆಯ ಮದ್ದೆಂದು ಸೇವಿಸಬೇಕೇ?

ಹಾಗಾದರೆ ನಿಜವಾದ ಪರಿಹಾರವೇನು? ಒಂದೇ ಮದ್ದು ಎಲ್ಲಕ್ಕೂ ಸಲ್ಲದು. ಮರೆತ ದಾರಿ ಯಾವ ಬಗೆಯದೆಂಬುದರ ಮೇಲೆ ಅದು ನಿಂತಿದೆ.

ಮೊದಲನೆಯದಾಗಿ, ಮೆಥಡ್ ಏನನ್ನಾದರೂ ಮರಳಿಸಬೇಕೇ ಎಂಬುದನ್ನೇ ಕೇಳಬೇಕು. ಆರಂಭದಲ್ಲಿರುವ ಅನೇಕರು ಮುದ್ರಿಸುವುದನ್ನೂ ಮರಳಿಸುವುದನ್ನೂ ಒಂದೇ ಎಂದು ತಿಳಿದಿರುತ್ತಾರೆ. ಪರದೆಯ ಮೇಲೆ ಉತ್ತರ ಕಂಡಿತು, ಇನ್ನೇನು ಬೇಕು ಎಂಬ ಭಾವನೆ ಅವರದು. ಪರದೆಯು ಓದುವವನಿಗಾಗಿ, ರಿಟರ್ನ್ ಕರೆದ ಕ್ರಮವಿಧಿಗಾಗಿ. ಮುದ್ರಿಸುವುದಷ್ಟೇ ಉದ್ದೇಶವಾಗಿದ್ದರೆ ತಲೆಸಾಲಿನಲ್ಲಿ ವಾಯ್ಡ್ ಎಂದು ಬರೆಯಬೇಕು. ಆಗ ತಿದ್ದುಪಡಿಯಾಗಬೇಕಾದುದು ಕೊಟ್ಟ ಮಾತೇ ಹೊರತು ಒಡಲಲ್ಲ.

ಎರಡನೆಯದಾಗಿ, ಮರೆತ ದಾರಿಗೆ ಸಹಜವಾದ ಉತ್ತರವಿದ್ದರೆ ಅದನ್ನು ಹೆಸರಿಟ್ಟು ಬರೆಯಬೇಕು. ದರ್ಜೆಯ ಉದಾಹರಣೆಯಲ್ಲಿ ‘ಅನುತ್ತೀರ್ಣ’ ಎಂಬುದೇ ಆ ಉತ್ತರ. ಆದರೆ ಇಲ್ಲಿಯೂ ಎಚ್ಚರ ಬೇಕು. ಕೊನೆಯಲ್ಲಿ ಬರಿಯ ‘ಎಲ್ಸ್’ ಬರೆದರೆ ಬೆರಳಚ್ಚಿನ ತಪ್ಪಿನಿಂದ ಋಣ ಐದೆಂದು ನಮೂದಾದ ಅಂಕವೂ ಅನುತ್ತೀರ್ಣವಾಗುತ್ತದೆ, ಆರುನೂರೆಂದು ನಮೂದಾದ ಅಂಕವು ಪ್ರಥಮ ದರ್ಜೆಯಾಗುತ್ತದೆ. ಸೊನ್ನೆ ಮತ್ತು ನೂರರ ಎಲ್ಲೆಯನ್ನು ಮೊದಲೇ ಪರೀಕ್ಷಿಸಿ, ಹೊರಗಿದ್ದುದನ್ನು ‘ಎಕ್ಸೆಪ್ಷನ್’ ಮೂಲಕ ತಿರಸ್ಕರಿಸುವುದು ಸರಿಯಾದ ಕ್ರಮ. ಎಕ್ಸೆಪ್ಷನ್ ಎಸೆಯುವ ದಾರಿಗೆ ರಿಟರ್ನ್ ಬೇಕಿಲ್ಲ. ಕಂಪೈಲರ್ ಇದನ್ನು ಬಲ್ಲದು. ಎಂದಿಗೂ ಬರಲಾರದೆಂದು ಬರೆದವನು ನಂಬಿದ ದಾರಿಗೂ ಇದೇ ಉಪಾಯ ಸಲ್ಲುತ್ತದೆ. ನಂಬಿಕೆ ಸುಳ್ಳಾದ ದಿನ ಅದು ಗಟ್ಟಿಯಾಗಿ ಕೂಗಿ ಹೇಳುತ್ತದೆ.

ಮೂರನೆಯದಾಗಿ, ಉತ್ತರವು ಇರಬಹುದು ಅಥವಾ ಇಲ್ಲದಿರಬಹುದು ಎಂಬುದೇ ಸಹಜಸ್ಥಿತಿಯಾಗಿದ್ದರೆ, ಆ ಸಂಗತಿಯನ್ನು ತಲೆಸಾಲಿನಲ್ಲಿಯೇ ಸಾರಬೇಕು. ಪಟ್ಟಿಯಲ್ಲಿ ಹೆಸರನ್ನು ಹುಡುಕುವ ಮೆಥಡ್‌ನಲ್ಲಿ ರಿಟರ್ನ್ ಆವರ್ತನೆಯ ಒಳಗೆ ಮಾತ್ರ ಇದ್ದಾಗ ಕಂಪೈಲರ್ ಕೇಳುವ ಪ್ರಶ್ನೆ ‘ಸಿಗದಿದ್ದರೆ?’ ಎಂಬುದು. 2014ರಲ್ಲಿ ಬಂದ ಜಾವಾದ ಎಂಟನೆಯ ಆವೃತ್ತಿಯಲ್ಲಿ ‘ಆಪ್ಷನಲ್’ ಎಂಬ ಬಗೆಯು ಸೇರಿದುದು ಇದಕ್ಕಾಗಿಯೇ. ಉತ್ತರವಿಲ್ಲದಿರಬಹುದೆಂಬುದು ಕರೆಯುವವನಿಗೆ ಮೊದಲೇ ತಿಳಿದಿರುತ್ತದೆ.

ನಾಲ್ಕನೆಯದಾಗಿ, ದೋಷವನ್ನು ಹಿಡಿದ ಭಾಗವು ಅದನ್ನು ಮುದ್ರಿಸಿ ಸುಮ್ಮನೆ ಕೆಳಗಿಳಿಯುವಂತಿದ್ದರೆ, ಅದನ್ನು ನಿಜವಾಗಿ ನಿರ್ವಹಿಸಬೇಕು ಅಥವಾ ಮತ್ತೆ ಎಸೆಯಬೇಕು. ಕಡತವನ್ನು ಓದಲಾಗದ ಮೆಥಡ್ ನಲ್ ಬೆಲೆಯನ್ನು ಮರಳಿಸಿ ಎಲ್ಲವೂ ಸರಿಯಿದೆಯೆಂಬಂತೆ ನಡೆದುಕೊಳ್ಳುವುದು ಅಪ್ರಾಮಾಣಿಕತೆಯೇ ಸರಿ.

ಇದಕ್ಕೆ ಪ್ರತಿಯಾಗಿ ಕೆಲವು ಅನುಭವಿ ಅಧ್ಯಾಪಕರು ಬೇರೊಂದು ಪದ್ಧತಿಯನ್ನು ಕಲಿಸುತ್ತಾರೆ. ಮೆಥಡ್‌ನ ಆರಂಭದಲ್ಲಿಯೇ ‘ಫಲ’ ಎಂಬ ಚರಕ್ಕೆ ಸೊನ್ನೆಯನ್ನು ಕೊಟ್ಟು, ನಡುವೆ ಬದಲಿಸುತ್ತ ಹೋಗಿ, ಕೊನೆಗೆ ಒಂದೇ ಕಡೆ ಅದನ್ನು ಮರಳಿಸಿದರೆ ಈ ದೋಷವೇ ಬಾರದೆಂಬುದು ಅವರ ವಾದ. ಹೊರಹೋಗುವ ಬಾಗಿಲು ಒಂದೇ ಇರುವುದರಿಂದ ಓದಲು ಅನುಕೂಲವೆಂಬುದು ನಿಜ. ಆದರೆ ಆರಂಭದ ಆ ಸೊನ್ನೆಯು ಹುಸಿಬೆಲೆಯನ್ನು ಮುಂಚಿತವಾಗಿಯೇ ತಂದು ಕೂರಿಸುತ್ತದೆ. ಮರೆತ ದಾರಿಯನ್ನು ಕಂಪೈಲರ್ ಇನ್ನು ತೋರಿಸಲಾರದು. ಇಲ್ಲಿ ಒಂದು ಮಧ್ಯಮಾರ್ಗವಿದೆ. ಚರವನ್ನು ಘೋಷಿಸಿ, ಅದಕ್ಕೆ ಆರಂಭದ ಬೆಲೆಯನ್ನು ಕೊಡದೆ ಬಿಡಬೇಕು. ಆಗ ಯಾವುದಾದರೂ ದಾರಿಯಲ್ಲಿ ಬೆಲೆ ತುಂಬದೆ ಉಳಿದರೆ ಜಾವಾ ಅದನ್ನೂ ದೋಷವೆಂದು ಎತ್ತಿ ತೋರಿಸುತ್ತದೆ. ಒಂದೇ ಬಾಗಿಲೂ ಉಳಿಯಿತು, ಕಾವಲೂ ಉಳಿಯಿತು.

ಭಾಷೆಗಳು ಸಾಗುತ್ತಿರುವ ದಿಕ್ಕೂ ಇದೇ. 2020ರ ಜಾವಾ ಆವೃತ್ತಿಯಲ್ಲಿ ಸ್ಥಿರಗೊಂಡ ‘ಸ್ವಿಚ್’ ಅಭಿವ್ಯಕ್ತಿಯು ಎಲ್ಲ ಸಾಧ್ಯತೆಗಳಿಗೂ ಉತ್ತರ ಹೇಳಲೇಬೇಕು. ಎಣಿಸಿಟ್ಟ ವರ್ಗಗಳಿಗೆ ನಾಳೆ ಹೊಸದೊಂದು ಸೇರಿದರೆ, ಅದಕ್ಕೆ ಉತ್ತರ ಬರೆಯದ ಸ್ಥಳಗಳನ್ನೆಲ್ಲ ಕಂಪೈಲರ್ ಮತ್ತೆ ಓದುವಾಗ ತಾನೇ ತೋರಿಸಿಕೊಡುತ್ತದೆ. ಆದರೆ ‘ಉಳಿದುದಕ್ಕೆಲ್ಲ ಇದು’ ಎಂಬ ‘ಡಿಫಾಲ್ಟ್’ ಸಾಲನ್ನು ಅವಸರದಿಂದ ಸೇರಿಸಿದವನು ಆ ನೆರವನ್ನು ಕಳೆದುಕೊಳ್ಳುತ್ತಾನೆ. ಯಂತ್ರವು ಎಷ್ಟೇ ಎಚ್ಚರಿಸಿದರೂ ಎಚ್ಚರವಾಗುವುದು ಮನುಷ್ಯನ ಕೆಲಸ.

ಇನ್ನು ಅಧ್ಯಾಪಕ ವೃಂದದ ಹೊಣೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ‘ದೋಷರಹಿತವಾಗಿ ನಡೆಯಿತು’ ಎಂಬುದಕ್ಕಷ್ಟೇ ಅಂಕವಿದ್ದರೆ ಹುಸಿಬೆಲೆ ಬರೆದವನಿಗೂ ಯೋಚಿಸಿ ಬರೆದವನಿಗೂ ಒಂದೇ ಫಲ. ಯೋಚಿಸಿದವನಿಗೆ ಸಮಯ ಕಡಿಮೆಯಾಗಿ ನಷ್ಟವೇ ಆದೀತು. ಇಂದಿನ ಸಂಪಾದನಾ ತಂತ್ರಾಂಶಗಳು ಒಂದು ಗುಂಡಿಯನ್ನೊತ್ತಿದ ಮಾತ್ರಕ್ಕೆ ‘ನಲ್ ಮರಳಿಸು’ ಎಂಬ ಸಾಲನ್ನು ತಾವೇ ಸೇರಿಸಿಕೊಡುವಾಗ ದೋಷವನ್ನು ಅಳಿಸುವುದು ಕೌಶಲವಾಗಿ ಉಳಿದಿಲ್ಲ. ಉಳಿದಿರುವ ಕೌಶಲವೆಂದರೆ, ಮರೆತದ್ದು ಯಾವ ಸಂದರ್ಭವನ್ನು ಎಂದು ಹೇಳಬಲ್ಲ ಸಾಮರ್ಥ್ಯ. ಆದುದರಿಂದ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕಾಗಿ ಮೀಸಲಿಡುವುದು ಯೋಗ್ಯ: ಕಂಪೈಲರ್ ಏನು ಹೇಳಿತು, ಬೆಲೆಯಿಲ್ಲದ ದಾರಿ ಯಾವುದು, ಅದಕ್ಕೆ ಯಾವ ಉತ್ತರವನ್ನು ಏಕೆ ಆರಿಸಲಾಯಿತು ಎಂಬ ಮೂರು ಸಾಲುಗಳು. ಮೂರನೆಯ ಸಾಲಿಗೆ ಅಂಕ ಹೆಚ್ಚಿರಲಿ. ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ, ಹೆಚ್ಚಿನ ದ್ರವ್ಯವೂ ಬೇಕಿಲ್ಲ. ಗಣಕ ಪ್ರಯೋಗಾಲಯಗಳಿಗೆ ಉದಾರವಾಗಿ ನೆರವಾಗುವ ದಾನಿಗಳ ಧನವು ಸಾರ್ಥಕವಾಗುವುದು ಎಷ್ಟು ಪರದೆಗಳು ಬೆಳಗುತ್ತಿವೆಯೆಂಬುದರಿಂದಲ್ಲ, ಪರದೆಯ ಮುಂದೆ ಕುಳಿತವನು ಒಂದು ಕ್ಷಣ ಕೈತಡೆದು ಯೋಚಿಸುವನೇ ಎಂಬುದರಿಂದ.

ಇಂದು ಅಂಕಪಟ್ಟಿಯ ಚಿಕ್ಕ ಮೆಥಡ್ ಬರೆಯುವ ವಿದ್ಯಾರ್ಥಿಯೇ ನಾಳೆ ಆಸ್ಪತ್ರೆಯ ಔಷಧ ಪ್ರಮಾಣವನ್ನೋ, ಬ್ಯಾಂಕಿನ ಬಡ್ಡಿಯನ್ನೋ, ವಿಧವಾ ವೇತನದ ಅರ್ಹತೆಯನ್ನೋ ನಿರ್ಣಯಿಸುವ ಕ್ರಮವಿಧಿಯನ್ನು ಬರೆಯುತ್ತಾನೆ. ಅಲ್ಲಿಯೂ ಸಾಮಾನ್ಯರೆಲ್ಲರಿಗೂ ಉತ್ತರವಿರುತ್ತದೆ. ಯಾವುದೋ ಒಂದು ಅಸಾಮಾನ್ಯ ಸಂದರ್ಭದವರಿಗೆ ಇರುವುದಿಲ್ಲ. ಆಗ ಕಂಪೈಲರ್ ಮತ್ತೊಮ್ಮೆ ಅದೇ ಪ್ರಶ್ನೆಯನ್ನು ಕೇಳುತ್ತದೆ: ಇವರಿಗೆ ಏನು ಹೇಳಿ ಕಳುಹಿಸುವೆ? ಶಾಲೆಯಲ್ಲಿ ಸೊನ್ನೆಯನ್ನು ಬರೆದು ಪಾರಾಗಲು ಕಲಿತವನು ಅಲ್ಲಿಯೂ ಸೊನ್ನೆಯನ್ನೇ ಬರೆಯುತ್ತಾನೆ. ಕೊನೆಯ ಆವರಣದಿಂದ ಹಿಂದಕ್ಕೆ ನಡೆದು ಮರೆತವರನ್ನು ಹುಡುಕಲು ಕಲಿತವನು ಅವರ ಹೆಸರಿನಲ್ಲಿ ಒಂದು ಸಾಲು ಬರೆಯುತ್ತಾನೆ. ಇವರಿಬ್ಬರಲ್ಲಿ ಯಾರನ್ನು ಸಿದ್ಧಗೊಳಿಸಬೇಕೆಂಬುದು ಪ್ರಯೋಗಾಲಯದಲ್ಲಿ ಆ ಕೆಂಪು ಸಾಲು ಕಾಣಿಸಿಕೊಂಡಾಗ ಅಧ್ಯಾಪಕರು ಬೆನ್ನ ಹಿಂದೆ ನಿಂತು ಆಡುವ ಮಾತಿನಲ್ಲಿಯೇ ನಿರ್ಧಾರವಾಗುತ್ತದೆ.